ಹುಂಜದ ಗರಿಗೆ ಸಮುದ್ರದ ಮೀನು: ಜಿಗ್ ಗಾಳ ಕಟ್ಟೋದು ಹೇಗೆ, ಬಳಸೋದು ಹೇಗೆ?



ಪ್ರತಿ ವಾರ ಬೀಜೋಪಚಾರ, ಜೀವಾಮೃತ, ನುಗ್ಗೆ, ನಿಂಬೆ ಅಂತ ಬರೆಯೋ ನಾನು ಈ ವಾರ ಮೀನಿನ ಗಾಳದ ಬಗ್ಗೆ ಬರೀತಿದ್ದೀನಿ. ಅದೂ ಸಮುದ್ರದ ಮೀನು. "ಲಕ್ಕಲಕಟ್ಟಿಗೂ ಸಮುದ್ರಕ್ಕೂ ಏನ್ರೀ ಸಂಬಂಧ?" ಅಂತ ನೀವು ಕೇಳಬಹುದು. ಸಂಬಂಧ ಐತಿ. ನಮ್ಮ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯ ಎಷ್ಟೋ ಹುಡುಗರು ಮಳೆ ಕೈಕೊಟ್ಟ ವರ್ಷ ಮಲ್ಪೆ, ಮಂಗಳೂರು, ಕಾರವಾರಕ್ಕೆ ಹೋಗಿ ಬೋಟು ಹತ್ತುತ್ತಾರೆ. ನಮ್ಮ ಕಾಕಾನ ಮಗ ಅವರಲ್ಲಿ ಒಬ್ಬ. ಮೂರು ವರ್ಷದಿಂದ ಮಲ್ಪೆ ಬೋಟಿನಲ್ಲಿ ಕೆಲಸ ಮಾಡ್ತಾನೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರ್ತದೆ. ಮೀನು ಮರಿ ಮಾಡೋ ಕಾಲ, ಕಡಲೂ ಕೆಟ್ಟಿರ್ತದೆ. ಬೋಟು ನಿಂತ ಮೇಲೆ ತಮ್ಮ ಊರಿಗೆ ಬರ್ತಾನೆ. ಅದೇ ಹೊತ್ತಿಗೆ ನಮ್ಮಲ್ಲಿ ಹೆಸರು ಬಿತ್ತನೆ. ಈ ಸಲ ಬಂದಾಗ ಅವನ ಚೀಲದಾಗ ಒಂದು ಸ್ಟೀಲ್ ಡಬ್ಬಿ ಇತ್ತು. ತೆಗೆದು ನೋಡಿದರೆ ಬಿಳಿ, ಹಸಿರು, ಕೆಂಪು ಗರಿ ಕಟ್ಟಿದ ಇಪ್ಪತ್ತು ಗಾಳ!

"ಅಣ್ಣಾ, ಇದಕ್ಕ ಹುಳನೂ ಬ್ಯಾಡ, ಹಿಟ್ಟೂ ಬ್ಯಾಡ. ಬರೇ ಗರಿ. ಆದ್ರೂ ಅಂಜಲ್ ಬಂದು ಹೊಡಿತೈತಿ ನೋಡು" ಅಂದ.

ಎರಡು ದಿನ ಬಿಟ್ಟು ಚಿಗವ್ವ ಅಂಗಳದಾಗ ನಿಂತು ಕೂಗಿದಳು: "ನಮ್ಮ ಹುಂಜದ ಬಾಲಕ್ಕ ಏನಾಗೇತಿ? ಯಾವ ಬೆಕ್ಕು ಹಿಡದಿತ್ತು?" ಬೆಕ್ಕು ಹಿಡಿದಿರಲಿಲ್ಲ. ಬೆಕ್ಕು ಅಂದರೆ ನಮ್ಮ ತಮ್ಮನೇ.

ಆ ಎರಡು ತಿಂಗಳಲ್ಲಿ ಅವನಿಂದ ನಾನು ಕಲಿತದ್ದನ್ನು, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಬೋಟಿಗೆ ಹೋಗುವ ಹುಡುಗರಿಗೆ ಉಪಯೋಗ ಆಗಲಿ. ಹೋಗದವರೂ ಪೂರ್ತಿ ಓದಿ. ನಡುವೆ ನಮ್ಮ ಕೃಷಿ ಹೊಂಡದ ಒಂದು ವಿಷಯ ಐತಿ, ಅದು ಎಲ್ಲರಿಗೂ ಬೇಕಾದದ್ದು.

ಪೆಲಾಜಿಕ್ ಮೀನು ಅಂದರೆ ಯಾವುದು?

ಸಮುದ್ರದ ಮೀನುಗಳಲ್ಲಿ ಕೆಲವು ತಳದಲ್ಲಿ, ಕಲ್ಲು ಕೆಸರಿನ ಹತ್ತಿರ ಇರ್ತಾವೆ. ಇನ್ನು ಕೆಲವು ಮೇಲಿನ ಮತ್ತು ನಡುವಿನ ನೀರಿನಲ್ಲಿ ಹಿಂಡು ಕಟ್ಟಿಕೊಂಡು ತಿರುಗ್ತಾವೆ. ಈ ಎರಡನೆಯ ಗುಂಪಿಗೆ ಪೆಲಾಜಿಕ್ ಮೀನು ಅಂತಾರೆ. ನಮ್ಮ ಕಡೆ ಕುರಿ ಹಿಂಡು ಮೇವು ಹುಡುಕಿ ಊರೂರು ಹೋಗ್ತಾವಲ್ಲ, ಹಾಗೆಯೇ. ಬೂತಾಯಿ, ಬಂಗುಡೆ ಈ ಗುಂಪಿನ ಸಣ್ಣ ಮೀನು. ಅಂಜಲ್, ಕೇದರ ಅಂತ ಕರೆಯೋ ಟ್ಯೂನ ದೊಡ್ಡ ಮೀನು. ದೊಡ್ಡವು ಸಣ್ಣವನ್ನು ಬೆನ್ನಟ್ಟಿ ತಿಂತಾವೆ.

ಗಾಳಕ್ಕೆ ಬಿದ್ದ ಮೇಲೆ ಜೋರಾಗಿ ಓಡಿ, ಎಳೆದಾಡಿ, ಹಿಡಿಯುವವನ ಕೈ ಸೋಲಿಸುವ ಮೀನಿಗೆ ಗೇಮ್ ಫಿಶ್ ಅನ್ನೋ ಹೆಸರಿದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಹಳೆಯ ಹೆಸರು ನದಿಯ ಮಹಶೀರ್‌ದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ಮಹಶೀರ್ ಹಿಡಿದದ್ದು ಇವತ್ತಿಗೂ ಗಾಳದವರ ಬಾಯಲ್ಲಿದೆ. ಸಮುದ್ರದಲ್ಲಿ ಆ ಜಾಗ ಅಂಜಲ್ ಮತ್ತು ಟ್ಯೂನಗಳದ್ದು.

ಜಿಗ್ ಗಾಳ ಹೇಗೆ ಕೆಲಸ ಮಾಡ್ತದೆ?

ಕೊಕ್ಕೆಗೆ ಗರಿ ಅಥವಾ ಕೂದಲು ಕಟ್ಟಿ ಹುಳ, ಮರಿಮೀನಿನ ರೂಪ ಕೊಟ್ಟರೆ ಅದು ಫ್ಲೈ. ಆ ಫ್ಲೈ ತಲೆಗೆ ಭಾರ ಕೂಡಿಸಿದರೆ ಜಿಗ್ ಫ್ಲೈ. ಭಾರ ತಲೆಯ ಕಡೆ ಇರೋದರಿಂದ, ದಾರ ಎಳೆದಾಗ ಅದು ಮೇಲಕ್ಕೆ ಜಿಗಿಯುತ್ತೆ, ಬಿಟ್ಟಾಗ ತಲೆ ಕೆಳಗಾಗಿ ಮುಳುಗುತ್ತೆ. ಮೇಲೆ ಕೆಳಗೆ, ಮೇಲೆ ಕೆಳಗೆ. ಗಾಯಗೊಂಡ ಮರಿಮೀನು ಹೀಗೇ ಒದ್ದಾಡ್ತದೆ. ಬೇಟೆಯ ಮೀನಿಗೆ ಅಷ್ಟು ಸಾಕು.

ಹತ್ತಿ ಹೊಲದಾಗ ನಾವು ಲಿಂಗಾಕರ್ಷಕ ಬಲೆ ಕಟ್ತೀವಿ. ಅಲ್ಲಿ ಹೆಣ್ಣು ಪತಂಗ ಇರಲ್ಲ, ವಾಸನೆ ಮಾತ್ರ ಇರ್ತದೆ. ಗಂಡು ಪತಂಗ ಮೋಸ ಹೋಗಿ ಬಂದು ಬೀಳ್ತದೆ. ಜಿಗ್ ಗಾಳದಲ್ಲೂ ಮೀನು ಇರಲ್ಲ, ಮೀನಿನ ನಡೆ ಮಾತ್ರ ಇರ್ತದೆ. ಎರಡರ ಗುಣವೂ ಒಂದೇ: ಬೇಕಾದ್ದನ್ನು ಕರೆಯುತ್ತೆ, ಬೇಡವಾದ್ದನ್ನು ಬಹುಮಟ್ಟಿಗೆ ಬಿಡುತ್ತೆ. ಸಣ್ಣ ಕಣ್ಣಿನ ಬಲೆ ಎಳೆದರೆ ಮರಿ, ದೊಡ್ಡದು ಎಲ್ಲಾ ಒಟ್ಟಿಗೆ ಬರ್ತಾವೆ. ಅದು ಸಿಕ್ಕ ಹುಳವನ್ನೆಲ್ಲ ಕೊಲ್ಲೋ ಔಷಧ ಹೊಡೆದಂಗೆ. ಗಾಳದಲ್ಲಿ ಒಂದೊಂದೇ ಮೀನು. ಮರಿ ಬಂದರೆ ಜೀವಂತ ಬಿಡಬಹುದು.

ಈ ಬಗೆಯಲ್ಲಿ ಜಗತ್ತಿನಲ್ಲೇ ಹೆಚ್ಚು ಹೆಸರು ಮಾಡಿದ್ದು ಕ್ಲೌಸರ್ ಮಿನ್ನೋ. ಅಮೆರಿಕದ ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ನದಿ ಮೀನಿಗಾಗಿ ಕಟ್ಟಿದ್ದು. ಆಮೇಲೆ ಸಮುದ್ರದವರೂ ಅದನ್ನೇ ಹಿಡಿದರು. ನಮ್ಮ ಹತ್ತಿರದ ಉದಾಹರಣೆ ಬೇಕಾದರೆ ಲಕ್ಷದ್ವೀಪದ ಮಿನಿಕಾಯ್ ನೋಡಿ. ಮಂಗಳೂರು ಹಳೆ ಬಂದರಿನಿಂದ ಸರಕು ಹಡಗು ಹೋಗೋದು ಆ ದ್ವೀಪಗಳಿಗೇ. ಮಿನಿಕಾಯ್ ಜನ ಜೀವಂತ ಮರಿಮೀನು ಚೆಲ್ಲಿ, ನೀರು ಚಿಮ್ಮಿಸಿ ಟ್ಯೂನ ಹಿಂಡನ್ನು ದೋಣಿ ಹತ್ತಿರ ಕರೀತಾರೆ. ಆಮೇಲೆ ಉದ್ದನೆ ಕೋಲಿಗೆ ಕಟ್ಟಿದ, ಮುಳ್ಳಿಲ್ಲದ ಹೊಳೆಯುವ ಕೊಕ್ಕೆಯಿಂದ ಒಂದೊಂದಾಗಿ ಎತ್ತಿ ದೋಣಿಗೆ ಹಾಕ್ತಾರೆ. ಮುಳ್ಳಿಲ್ಲದ ಕಾರಣ ಮೀನು ತಾನೇ ಕಳಚಿ ಬೀಳ್ತದೆ, ಮತ್ತೆ ಕೋಲು ನೀರಿಗೆ. ತಲೆತಲಾಂತರದಿಂದ ನಡೆದು ಬಂದ ಪದ್ಧತಿ ಇದು.

ಕಟ್ಟುವ ಕ್ರಮ

ಬೇಕಾದ ಸಾಮಾನು: ಉಪ್ಪುನೀರಿಗೆ ತಡೆಯುವ ಕೊಕ್ಕೆ, ಗಟ್ಟಿ ನೈಲಾನ್ ಅಥವಾ ಪಾಲಿಯೆಸ್ಟರ್ ದಾರ, ಡಂಬೆಲ್ ಆಕಾರದ ಲೋಹದ ಕಣ್ಣು, ಬಿಳಿ ಕೂದಲು, ಇನ್ನೊಂದು ಬಣ್ಣದ ಕೂದಲು ಅಥವಾ ಗರಿ, ನಾಲ್ಕು ಎಳೆ ಹೊಳೆಯುವ ಜರಿ, ಅಂಟು.

ಕೊಕ್ಕೆ ನಂಬರಿನಲ್ಲಿ ಹೊಸಬರು ಎಡವ್ತಾರೆ. ಬರೀ ನಂಬರ್ ಇದ್ದರೆ ನಂಬರ್ ಹೆಚ್ಚಾದಂಗೆ ಕೊಕ್ಕೆ ಸಣ್ಣದು. 10 ಅಂದರೆ 4ಕ್ಕಿಂತ ಸಣ್ಣದು. ಮುಂದೆ ಸೊನ್ನೆ ಇದ್ದರೆ ಉಲ್ಟಾ. 1/0ಕ್ಕಿಂತ 2/0 ದೊಡ್ಡದು. ಬಂಗುಡೆಗೆ ಸಣ್ಣ ಕೊಕ್ಕೆ, ಸಣ್ಣ ಟ್ಯೂನ ಮತ್ತು ಅಂಜಲ್‌ಗೆ 1/0, 2/0 ನಡೀತದೆ.

1. ಕೊಕ್ಕೆಯನ್ನು ವೈಸ್‌ಗೆ ಬಿಗಿದು, ಕಡ್ಡಿಯ ಮೇಲೆ ದಾರ ಸುತ್ತಿ ಹಾಸು ಮಾಡಿಕೊಳ್ಳಿ.

2. ದಾರ ಪೋಣಿಸುವ ಕಣ್ಣಿನಿಂದ ಸ್ವಲ್ಪ ಹಿಂದಕ್ಕೆ ಡಂಬೆಲ್ ಇಟ್ಟು, ಇಂಗ್ಲಿಷ್ 8ರ ಆಕಾರದಲ್ಲಿ ದಾರ ಸುತ್ತಿ ಬಿಗಿಯಿರಿ. ಒಂದು ಹನಿ ಅಂಟು ಹಾಕಿ. ಇದು ಅಲುಗಾಡಿದರೆ ಗಾಳ ಒಂದೇ ಮಗ್ಗುಲಿಗೆ ತಿರುಗ್ತದೆ. ಡಂಬೆಲ್ ಕಡ್ಡಿಯ ಮೇಲ್ಭಾಗದಲ್ಲಿ ಇರಬೇಕು. ನೀರಿಗೆ ಬಿದ್ದಾಗ ಆ ಭಾರಕ್ಕೆ ಕೊಕ್ಕೆ ಮಗುಚಿ ಮೊನೆ ಮೇಲಾಗ್ತದೆ, ಕಲ್ಲಿಗೆ, ಪಾಚಿಗೆ ಸಿಕ್ಕೋದು ಕಡಿಮೆ.

3. ಡಂಬೆಲ್ ಇರುವ ಕಡೆಯೇ ಬಿಳಿ ಕೂದಲು ಕಟ್ಟಿ. ಮಗುಚಿದ ಮೇಲೆ ಇದು ಹೊಟ್ಟೆ.

4. ಕೊಕ್ಕೆ ತಿರುಗಿಸಿ, ಮೊನೆಯ ಕಡೆ ಜರಿ ಇಟ್ಟು, ಅದರ ಮೇಲೆ ಹಸಿರು ಅಥವಾ ಕಡುಬಣ್ಣದ ಕೂದಲು ಕಟ್ಟಿ. ಇದು ಬೆನ್ನು. ಬೂತಾಯಿ, ಬಂಗುಡೆ ನೋಡಿ, ಬೆನ್ನು ಕಪ್ಪು, ಹೊಟ್ಟೆ ಬಿಳಿ. ಅದನ್ನೇ ನಾವು ನಕಲು ಮಾಡೋದು.

5. ತಲೆ ಹತ್ತಿರ ಗಂಟು ಹಾಕಿ, ಮೇಲೆ ಉಗುರು ಬಣ್ಣದ ಪಾರದರ್ಶಕ ಪಾಲಿಶ್ ಅಥವಾ ಎಪಾಕ್ಸಿ ಹಚ್ಚಿ.

ಕೂದಲು ಕಡಿಮೆ ಇರಲಿ. ನಾನು ಕಟ್ಟಿದ ಮೊದಲನೆಯದು ಹಲ್ಲುಜ್ಜುವ ಬ್ರಷ್ ಆಗಿತ್ತು. ನೀರಿಗೆ ಹಾಕಿದರೆ ಮುಳುಗಲೇ ಇಲ್ಲ. ತಮ್ಮ ಅರ್ಧ ಕೂದಲು ಕಿತ್ತು ಒಗೆದ, ಆಮೇಲೆ ಸರಿಯಾಯ್ತು.

ಅಮೆರಿಕದವರು ಜಿಂಕೆ ಬಾಲದ ಕೂದಲು ಬಳಸ್ತಾರೆ. ನಮಗೆ ಅದು ಬೇಡವೇ ಬೇಡ. ನಮ್ಮ ಹೊಲಕ್ಕೆ ಚಿಗರಿ ಹಿಂಡು ಬರ್ತಾವೆ, ಬೆಳೆ ತಿಂತಾವೆ, ಸಿಟ್ಟೂ ಬರ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅವು ರಕ್ಷಿತ ಪ್ರಾಣಿ. ಸತ್ತು ಬಿದ್ದ ಚಿಗರಿಯ ಕೂದಲಿಗೂ ಕೈ ಹಾಕಬೇಡಿ. ನವಿಲಿನ ತಂಟೆಗೂ ಹೋಗಬೇಡಿ. ಆಡಿನ ಉದ್ದ ಕೂದಲು, ಹುಂಜದ ಕತ್ತು ಮತ್ತು ಬಾಲದ ಗರಿ ಬೇಕಾದಷ್ಟು ಸಾಕು. ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಸೀಸದ ಬಗ್ಗೆ ಎಚ್ಚರ. ಬ್ಯಾಟರಿ ಸೀಸ ಕರಗಿಸಿ ಅಚ್ಚು ಹೊಯ್ಯೋದು ಸುಲಭ ಅಂತ ಅಡುಗೆ ಮನೆ ಒಲೆ ಮೇಲೆ ಮಾಡಬೇಡಿ. ಆ ಹೊಗೆ, ಧೂಳು ವಿಷ, ಮಕ್ಕಳಿಗೆ ಇನ್ನೂ ಕೆಟ್ಟದ್ದು. ಸೀಸದ ಗುಂಡನ್ನು ಹಲ್ಲಲ್ಲಿ ಕಚ್ಚಿ ಬಿಗಿಯೋ ಅಭ್ಯಾಸವೂ ಬೇಡ. ಹಂಸಗಳು ಸತ್ತವು ಅಂತ ಬ್ರಿಟನ್ನಿನಲ್ಲಿ 1987ರಿಂದಲೇ ಗಾಳದ ಸೀಸದ ಗುಂಡಿಗೆ ನಿರ್ಬಂಧ ಇದೆ. ಹಿತ್ತಾಳೆ ಮಣಿ, ಸ್ಟೀಲ್ ಗುಂಡು ನಡೀತದೆ.

ಹಿಡಿಯುವ ಕ್ರಮ

ಮೊದಲು ಹಕ್ಕಿ ನೋಡಬೇಕು. ಕಡಲಹಕ್ಕಿಗಳು ಒಂದೇ ಕಡೆ ಮೇಲಿಂದ ಮೇಲೆ ಮುಳುಗ್ತಿದ್ದರೆ, ನೀರು ಕುದಿಯೋ ತರ ಕಂಡರೆ, ಕೆಳಗೆ ದೊಡ್ಡ ಮೀನು ಸಣ್ಣದನ್ನು ಮೇಲಕ್ಕೆ ಅಟ್ಟುತ್ತಿದೆ ಅಂತ ಅರ್ಥ. ಹಿಂಡಿನ ನಡುವೆ ದೋಣಿ ನುಗ್ಗಿಸಬಾರದು, ಎಲ್ಲಾ ಚದುರಿ ಹೋಗ್ತಾವೆ. ಗಾಳಿ ಬರುವ ಕಡೆ ನಿಂತು, ಎಂಜಿನ್ ಆರಿಸಿ, ತೇಲಿಕೊಂಡು ಹತ್ತಿರ ಹೋಗಿ ಹಿಂಡಿನ ಅಂಚಿಗೆ ಎಸೆಯಬೇಕು.

ಎಸೆದ ಮೇಲೆ ಎಣಿಸಿ. 5ಕ್ಕೆ ಎಳೆದಾಗ ಸಿಗಲಿಲ್ಲ ಅಂದರೆ 10, ಆಮೇಲೆ 15. ಯಾವ ಎಣಿಕೆಗೆ ಮೊದಲ ಮೀನು ಹೊಡೆಯಿತೋ ಆ ಆಳದಲ್ಲಿ ಹಿಂಡು ಇದೆ. ಹೊಡೆತ ಹೆಚ್ಚಾಗಿ ಬೀಳೋದು ಗಾಳ ಕೆಳಗೆ ಇಳಿಯುವಾಗ. ಅದಕ್ಕೇ ಇಳಿಯುವಾಗಲೂ ದಾರ ಪೂರ್ತಿ ಸಡಿಲ ಬಿಡಬಾರದು. ಟ್ಯೂನಕ್ಕೆ ಎಳೆತ ಜೋರಿರಬೇಕು. ನೀವು ಎಷ್ಟೇ ಬೇಗ ಎಳೆದರೂ ಅದು ಅದಕ್ಕಿಂತ ಬೇಗ ಈಜ್ತದೆ.

ಅಂಜಲ್ ಹಲ್ಲು ಕತ್ತರಿ ಇದ್ದಂಗೆ. ನೈಲಾನ್ ದಾರ ಒಂದೇ ಏಟಿಗೆ ಹೋಗ್ತದೆ. ಗಾಳದ ಮುಂದೆ ಒಂದು ಗೇಣು ಸ್ಟೀಲ್ ತಂತಿ ಬೇಕು. ಟ್ಯೂನಕ್ಕೆ ಅಂಥ ಹಲ್ಲಿಲ್ಲ, ಕಣ್ಣು ಚುರುಕು. ತಂತಿ ಕಂಡರೆ ಬರಲ್ಲ. ಅದಕ್ಕೆ ನೀರಲ್ಲಿ ಕಾಣದ ಫ್ಲೋರೋಕಾರ್ಬನ್ ದಾರ. ಬಣ್ಣದಲ್ಲಿ, ಆಳಕ್ಕೆ ಹೋದಂಗೆ ಮೊದಲು ಮಾಯ ಆಗೋದು ಕೆಂಪು. ಹಾಗಾಗಿ ಬಿಳಿ ಹಸಿರು ಕಟ್ಟಿದ್ದು ಹೆಚ್ಚು ನಂಬಿಕೆಯದು. ಕೈದಾರ ಬಳಸುವವರು ಕೈಗವಸು ಹಾಕಲೇಬೇಕು, ದಾರವನ್ನು ಬೆರಳಿಗೆ ಸುತ್ತಿಕೊಳ್ಳಲೇಬಾರದು. ಓಡುವ ಮೀನು ಬೆರಳನ್ನೇ ಕೊಯ್ದುಬಿಡ್ತದೆ.

ಮೊಬೈಲ್ ಇಲ್ಲೂ ಉಪಯೋಗಕ್ಕೆ ಬರ್ತದೆ. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಉಷ್ಣತೆ, ನೀರಿನ ಹಸಿರು ನೋಡಿ ಮೀನು ಸಿಗುವ ಸಂಭವನೀಯ ಜಾಗ ಯಾವುದು ಅಂತ ಸೂಚನೆ ಕೊಡ್ತದೆ. ಅಲೆ, ಗಾಳಿಯ ಎಚ್ಚರಿಕೆಯನ್ನೂ ಕೊಡ್ತದೆ. ಮೊದಲು ಎಚ್ಚರಿಕೆ ಓದಿ, ಆಮೇಲೆ ಮೀನಿನ ಜಾಗ ನೋಡಿ.

ಹಿಡಿದ ಮೇಲೆ: ಐಸ್ ಇಲ್ಲದಿದ್ದರೆ ವಿಷ

ಇದು ತೋಟಗಾರಿಕೆ ಓದಿದ ನನಗೆ ಬೇಗ ಅರ್ಥ ಆದ ವಿಷಯ. ಕಿತ್ತ ಹಣ್ಣಿನಿಂದ ಹೊಲದ ಬಿಸಿ ತೆಗೆಯಬೇಕು ಅಂತೀವಲ್ಲ, ಮೀನಿಗೂ ಅದೇ. ಟ್ಯೂನ, ಬಂಗುಡೆ, ಅಂಜಲ್ ಗುಂಪಿನ ಮೀನು ಬಿಸಿಲಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿ ಹಿಸ್ಟಮಿನ್ ಅನ್ನೋ ವಸ್ತು ಹುಟ್ಟಿಸ್ತಾವೆ. ಒಮ್ಮೆ ಹುಟ್ಟಿದರೆ ಕುದಿಸಿದರೂ ಹುರಿದರೂ ಹೋಗಲ್ಲ. ತಿಂದವರಿಗೆ ಮುಖ ಕೆಂಪಾಗೋದು, ತುರಿಕೆ, ತಲೆನೋವು, ವಾಂತಿ. ಎಷ್ಟೋ ಜನ "ನನಗೆ ಮೀನು ಅಲರ್ಜಿ" ಅಂತ ತಿಳ್ಕೊಂಡಿರ್ತಾರೆ.

ಹಿಡಿದ ಕೂಡಲೇ ಕಿವಿರಿನ ಹತ್ತಿರ ಕೊಯ್ದು ರಕ್ತ ಇಳಿಸಿ, ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಪುಡಿ ಐಸ್ ಲೆಕ್ಕದಲ್ಲಿ ಮುಚ್ಚಿಡಿ. ಬಲೆಯಲ್ಲಿ ಒತ್ತಿ ನುಜ್ಜಾದ ಮೀನಿಗಿಂತ ಹೀಗೆ ಒಂದೊಂದಾಗಿ ಹಿಡಿದು ಐಸ್ ಹಾಕಿದ ಮೀನಿನ ಗುಣಮಟ್ಟ ಒಳ್ಳೇದು. ನಮ್ಮೂರಲ್ಲಿ ಸಂತೆಗೆ ಬರುವ ಬಂಗುಡೆ ಕೊಳ್ಳುವಾಗಲೂ ಐಸ್ ನೋಡಿ ಕೊಳ್ಳಿ.

ಹೊಂಡದಾಗ ನಡೆದದ್ದು

ಈಗ ಆ ವಿಷಯಕ್ಕೆ ಬರ್ತೀನಿ. ಗಾಳ ಎಷ್ಟು ಬೇಗ ಮುಳುಗ್ತದೆ ಅಂತ ಮೊದಲೇ ತಿಳಿದಿದ್ದರೆ ಸಮುದ್ರದಾಗ ಎಣಿಕೆ ಸುಲಭ. ನಮ್ಮ ಕೃಷಿ ಹೊಂಡ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ಜುಲೈ ಮಳೆಗೆ ತುಂಬಿತ್ತು. ಗಾಳ ಬಿಟ್ಟು ತಳ ಮುಟ್ಟೋಕೆ ಎಷ್ಟು ಸೆಕೆಂಡು ಅಂತ ಮೊಬೈಲಿನಲ್ಲಿ ಅಳೀತಿದ್ವಿ. ಹೊಂಡದಲ್ಲಿ ಬಿಟ್ಟ ಕಾಟ್ಲಾ, ರೋಹು ಗರಿಗೆ ಬರಲಿಲ್ಲ. ಅವು ಬೇಟೆಯಾಡುವ ಮೀನಲ್ಲ, ಬರಬೇಕಾದ್ದೂ ಇಲ್ಲ. ಜಿಗ್ ಗಾಳದಿಂದ ಹೊಂಡದ ಮೀನು ಹಿಡೀತೀನಿ ಅಂತ ಯಾರೂ ದುಡ್ಡು ಹಾಕಬೇಡಿ.

ನಾಲ್ಕನೇ ಗಾಳ ಬಿಡುವಾಗ ತಮ್ಮನ ಕಾಲು ಜಾರಿತು. ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಸಿದೆ, ಮೇಲೆ ಪಾಚಿ. ಮೂರು ವರ್ಷ ಸಮುದ್ರದ ಮೇಲೆ ಇದ್ದವನಿಗೆ ಈಜು ಬರಲ್ಲ ಅಂತ ನನಗೆ ಆವಾಗ ಗೊತ್ತಾಯ್ತು. ದಂಡೆಗೆ ಕೈ ಹಾಕ್ತಾನೆ, ಜಾರ್ತಾನೆ. ಮತ್ತೆ ಕೈ ಹಾಕ್ತಾನೆ, ಮತ್ತೆ ಜಾರ್ತಾನೆ. ಹೊಂಡದ ಒಂದು ಮೂಲೆಗೆ ಗಂಟು ಹಾಕಿದ ಹಗ್ಗ ಕಟ್ಟಿದ್ದೆ. ಎರಡು ವರ್ಷದ ಹಿಂದೆ ಒಂದು ಕರು ಬಿದ್ದ ಮೇಲೆ ಕಟ್ಟಿದ್ದು. ಅದನ್ನು ಎಸೆದೆ, ಹಿಡ್ಕೊಂಡ, ಮೇಲೆ ಬಂದ. ಎಲ್ಲಾ ಸೇರಿ ಒಂದು ನಿಮಿಷ ಆಗಿರಬಹುದು. ಮೇಲೆ ಬಂದು ನೋಡಿದರೆ ಗಾಳ ಅಂಗೈಗೆ ಚುಚ್ಚಿತ್ತು. ತಾಲ್ಲೂಕು ಆಸ್ಪತ್ರೆಗೆ ಹೋಗಿ ತೆಗೆಸಿ, ಧನುರ್ವಾಯು ಚುಚ್ಚುಮದ್ದು ಹಾಕಿಸಿದ್ವಿ.

ಅವತ್ತು ರಾತ್ರಿ ಚಿಗವ್ವ ಉಣಲಿಲ್ಲ. "ಇಲ್ಲೇ ಹೊಂಡದಾಗ ಹಿಂಗಾದ್ರ, ಅಲ್ಲಿ ಯಾರ ಹಗ್ಗ ಎಸೀತಾರೋ?" ಅಂದಳು. ಅದಕ್ಕೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ಆದ್ದರಿಂದ ದಯವಿಟ್ಟು ಇಷ್ಟು ಮಾಡಿ:

ಪ್ಲಾಸ್ಟಿಕ್ ಹೊಂಡ ಇದ್ದವರು ನಾಲ್ಕೂ ಮೂಲೆಗೆ ಗಟ್ಟಿ ಗೂಟ ಹೊಡೆದು, ಮೊಳಕ್ಕೊಂದು ಗಂಟು ಹಾಕಿದ ಹಗ್ಗ ನೀರಿನ ತನಕ ಇಳಿಬಿಡಿ. ಹಳೆ ಟ್ರ್ಯಾಕ್ಟರ್ ಟ್ಯೂಬು ಗಾಳಿ ತುಂಬಿ ಪಕ್ಕದಲ್ಲಿಡಿ. ಸುತ್ತ ತಂತಿ ಬೇಲಿ ಹಾಕಿ. ಒಬ್ಬರೇ ಹೊಂಡಕ್ಕೆ ಇಳಿಯಬೇಡಿ.

ಬೋಟಿಗೆ ಹೋಗುವವರು ಹೋಗುವ ಮುಂಚೆ ಈಜು ಕಲೀರಿ. ಲೈಫ್ ಜಾಕೆಟ್ ಮೈಮೇಲೆ ಇರಲಿ, ಬೋಟಿನ ಮೂಲೆಯಲ್ಲಿ ಅಲ್ಲ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮರಿಮೀನು ಬಿಡೋಕೂ ಸುಲಭ, ಕೈಗೆ ಚುಚ್ಚಿದರೆ ತೆಗೆಯೋಕೂ ಸುಲಭ. ಎಸೆಯುವಾಗ ಕಣ್ಣಿಗೆ ಕನ್ನಡಕ ಇರಲಿ.

ಇದರಿಂದ ದುಡ್ಡಾಗ್ತದಾ?

ಜೀವನ ಸಾಗಿಸುವಷ್ಟು ಆಗ್ತದೆ ಅಂತ ನಾನು ಹೇಳಲ್ಲ. ಬೋಟಿನ ಕೆಲಸದವರಿಗೆ ಬಿಡುವಿನಲ್ಲಿ ಹಿಡಿದ ಎರಡು ಅಂಜಲ್ ಕೈಖರ್ಚಿಗೆ ಆಗಬಹುದು, ಅದೂ ಮಾಲೀಕರನ್ನು ಕೇಳಿಯೇ. ಸ್ವಂತ ದೋಣಿ ಇಟ್ಟು ಜನರನ್ನು ಕರ್ಕೊಂಡು ಹೋಗ್ತೀನಿ ಅನ್ನುವವರು 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ಕಾಯ್ದೆ, ನೋಂದಣಿ, ಪರವಾನಗಿ ಬಗ್ಗೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಮುಂದೆ ಹೋಗಿ. ಬೆಳಕು ಹಾಕಿ ಮೀನು ಹಿಡಿಯೋದನ್ನು, ಎರಡು ಬೋಟು ಕೂಡಿ ಬುಲ್ ಟ್ರಾಲ್ ಎಳೆಯೋದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಯಾರೋ ಕರೆದರು ಅಂತ ಅಂಥ ಬೋಟಿಗೆ ಹೋಗಬೇಡಿ.

ಮೀನಿನ ತಲೆ, ಕರುಳು ಬಿಸಾಡುವವರಿಗೆ ನನ್ನ ಕಡೆಯಿಂದ ಒಂದು ಮಾತು: ಅಷ್ಟೇ ತೂಕದ ಬೆಲ್ಲ ಬೆರೆಸಿ, ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿ ನೆರಳಲ್ಲಿ ಮೂರು ವಾರ ಇಟ್ಟರೆ ಮೀನಿನ ಅಮೈನೋ ದ್ರಾವಣ ಸಿದ್ಧ. ಸೋಸಿ, ಲೀಟರ್ ನೀರಿಗೆ 2ರಿಂದ 5 ಮಿ.ಲೀ. ಹಾಕಿ ಸಂಜೆ ಸಿಂಪಡಿಸಿ. ನನ್ನ ನುಗ್ಗೆ, ಬದನೆಗೆ ಬಳಸ್ತೀನಿ.

ಬೋಟು ಹೊರಡೋದು ಆಗಸ್ಟ್ 1ಕ್ಕೆ. ನಮ್ಮ ಹೆಸರು ಕೊಯ್ಲಿಗೆ ಬರೋದು ಆಗಸ್ಟ್ ನಡುವೆ. ಪ್ರತಿ ವರ್ಷ ತಮ್ಮ ಬಿತ್ತಿ ಹೋಗ್ತಾನೆ, ಕೊಯ್ಯುವಾಗ ಇರಲ್ಲ. ಈ ಸಲ ಬೋಟಿನವರಿಗೆ ಫೋನ್ ಮಾಡಿ ಹದಿನೈದು ದಿನ ಕೇಳಿಕೊಂಡ. ಆ ಹದಿನೈದು ದಿನ, ಕೈ ಗಾಯ ಮಾಯ್ದ ಮೇಲೆ, ಬೆಳಗ್ಗೆ ಹೆಸರು ಬಿಡಿಸೋದು, ಸಂಜೆ ಬಾವಿಯಲ್ಲಿ ಸೊಂಟಕ್ಕೆ ಹಗ್ಗ, ಬೆನ್ನಿಗೆ ಟ್ಯೂಬು ಕಟ್ಟಿ ಈಜು ಕಲಿಯೋದು. ಊರಿನ ಸಣ್ಣ ಹುಡುಗರೆಲ್ಲ ನಗ್ತಿದ್ದರು. ನಗಲಿ ಬಿಡಿ. ಹನ್ನೆರಡನೇ ದಿನ ಟ್ಯೂಬಿಲ್ಲದೆ ಈ ದಂಡೆಯಿಂದ ಆ ದಂಡೆಗೆ ಹೋದ.

ಹೋಗುವಾಗ ಡಬ್ಬಿಯಲ್ಲಿ ಹುಂಜದ ಗರಿಯ ಗಾಳ, ಚೀಲದ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಹೆಸರು ಮಾರಿದ ದುಡ್ಡಿನಲ್ಲಿ ಮೊದಲು ಕೊಂಡದ್ದು ಅದನ್ನೇ. ಚಿಗವ್ವನೇ ಕೊಡಿಸಿದ್ದು.

ಮುಂದಿನ ವಾರ: ಹಿಂಗಾರಿ ಕಡಲೆಗೆ ಟ್ರೈಕೋಡರ್ಮಾ ಬೀಜೋಪಚಾರ.